ಹುಸೇನಪ್ಪನ ಆಗಬೋಟು

ಹೋದ ತಿಂಗಳು ಮಕ್ತಲ್ ಬಸ್ ನಿಲ್ದಾಣದ ಹೊರಗೆ ನಾರಾಯಣಪೇಟೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಒಬ್ಬಾತ ಹಳೆಯ ಟ್ರೇಲರನ್ನು ಗ್ಯಾಸ್ ಕಟರಿನಿಂದ ಕೊಯ್ಯುತ್ತಿದ್ದ. ಸುಟ್ಟ ತುಕ್ಕಿನ ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೈಯೆಲ್ಲ ಉರಿದುಹೋಯಿತು. ಅಂಗಡಿಯವನು ಪಾಪ, ತನ್ನ ಕೆಲಸ ತಾನು ಮಾಡುತ್ತಿದ್ದ. ನನ್ನ ಸಿಟ್ಟು ಎಂಟು ವರ್ಷದ ಹಿಂದಿನದು. ವರ್ಷ ಕಳೆದಂತೆ ಸಿಟ್ಟು ತಣ್ಣಗಾಗುತ್ತದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ.

ಆಗ ನಾನು ಕೃಷ್ಣಾ ನದಿಯ ದಂಡೆಯ ಒಂದು ಊರಿನಲ್ಲಿ ಕನ್ನಡ ಶಾಲೆಯ ಟೀಚರ್ ಆಗಿದ್ದೆ. ಮಕ್ತಲ್ ಸೀಮೆಯ ಕಟ್ಟಕಡೆಯ ಊರು. ಹೊಳೆ ದಾಟಿದರೆ ಗದ್ವಾಲ್ ಕಡೆಯ ನೆಲ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯ ಜನ ಇನ್ನೂ ಅದೇ ದಫ್ತರಗಳ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ನನ್ನ ಮನೆ ನಾರಾಯಣಪೇಟೆಯಲ್ಲಿ. ಗಂಡನಿಗೆ ಅಲ್ಲಿಯ ಬ್ಯಾಂಕಿನಲ್ಲಿ ಕೆಲಸ, ಮಗಳಿಗೆ ಆಗ ನಾಲ್ಕು ವರ್ಷ. ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿ, ಮಕ್ತಲದಲ್ಲಿ ಇಳಿದು, ಅಲ್ಲಿಂದ ಶೇರ್ ಆಟೋದಲ್ಲಿ ಊರು ಮುಟ್ಟುವ ಹೊತ್ತಿಗೆ ಪ್ರಾರ್ಥನೆಯ ಗಂಟೆ ಹೊಡೆಯುತ್ತಿತ್ತು. ಸಂಜೆ ಮತ್ತೆ ಅಷ್ಟೇ. ವರ್ಗಾವಣೆಗೆ ಅರ್ಜಿ ಕೊಟ್ಟು ಕೂತಿದ್ದೆ. ಈ ಅರ್ಜಿಯ ಮಾತು ಇಲ್ಲಿ ಹೇಳಲೇಬೇಕು, ಏಕೆಂದರೆ ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು.

ಹೊಳೆಯ ಕೆಳಗೆ ಅಣೆಕಟ್ಟೆ ಇರುವುದರಿಂದ ಆ ಊರಿನ ಮುಂದೆ ವರ್ಷದ ಬಹುಪಾಲು ಹಿನ್ನೀರು ನಿಂತಿರುತ್ತದೆ. ಬೇಸಿಗೆ ಬರುತ್ತಿದ್ದಂತೆ ನೀರು ಹಿಂದೆ ಸರಿಯುತ್ತದೆ. ಮೊದಲು ಹಳೆಯ ರೇವಿನ ಕಲ್ಲಿನ ಮೆಟ್ಟಿಲು ಕಾಣುತ್ತವೆ, ಆಮೇಲೆ ಹಗ್ಗ ಕಟ್ಟುತ್ತಿದ್ದ ಗೂಟದ ಕಂಬಗಳು, ಕೊನೆಗೆ ಕೆಸರಿನಲ್ಲಿ ಒಂದಿಷ್ಟು ವಾಲಿ ಕೂತ ಕಬ್ಬಿಣದ ದೋಣಿ. ಎರಡೂ ಬದಿಗೆ ಆಳೆತ್ತರದ ಎರಡು ಚಕ್ರ, ಚಕ್ರದ ಸುತ್ತ ನೀರು ಒತ್ತುವ ಹಲಗೆಗಳು. ಊರಿನವರು ಅದನ್ನು ಆಗಬೋಟು ಎನ್ನುತ್ತಿದ್ದರು. ಆಗ್ ಎಂದರೆ ಬೆಂಕಿ. ಜಾಲಿ ಕಟ್ಟಿಗೆ ಉರಿಸಿ, ಉಗಿಯಿಂದ ಚಕ್ರ ತಿರುಗಿಸಿ ನಡೆಸುತ್ತಿದ್ದ ಬೋಟು. ಸೇತುವೆ ಆಗುವ ಮುಂಚೆ ಶೇಂಗಾ ಚೀಲ, ನಾರಾಯಣಪೇಟೆ ಸೀರೆಯ ಗಂಟು, ಎತ್ತು, ಟಪಾಲು, ಹೆರಿಗೆಗೆ ತವರಿಗೆ ಹೊರಟ ಹೆಣ್ಣುಮಕ್ಕಳು ಎಲ್ಲರೂ ಅದರಲ್ಲೇ ದಾಟುತ್ತಿದ್ದರಂತೆ. ಆ ಕಾಲಕ್ಕೆ ರೇವಿನಲ್ಲಿ ಗೋದಾಮುಗಳಿದ್ದವು, ಖಾನಾವಳಿಗಳಿದ್ದವು. ನಾನು ಹೋದಾಗ ಉಳಿದಿದ್ದದ್ದು ಹತ್ತಿಪ್ಪತ್ತು ಅಂಬಿಗರ ಮನೆ, ದಂಡೆಯ ಮೇಲೆ ಬೋರಲು ಹಾಕಿದ ಅವರ ಹರಿಗೋಲುಗಳು. ಅಲ್ಲಿ ಹರಿಗೋಲಿಗೆ ಪುಟ್ಟಿ ಎನ್ನುತ್ತಾರೆ.

ಆ ವರ್ಷ ನೀರು ಬೇಗ ಇಳಿದಿತ್ತು. ಫೆಬ್ರುವರಿಯಲ್ಲಿ ಜಿಲ್ಲೆಯಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ವಯಸ್ಸು ಮೂವತ್ತರ ಆಸುಪಾಸು, ನಗುಮುಖ. ಆಗಬೋಟನ್ನು ಸುತ್ತು ಹಾಕಿ, ಫೋಟೋ ತೆಗೆದು, ಶಾಲೆಗೆ ಬಂದು ಕೂತರು. ಇದನ್ನು ಪರಂಪರೆಯ ತಾಣ ಮಾಡುತ್ತೇವೆ, ಕಟ್ಟೆ, ಬೆಂಚು, ದೀಪ ಎಲ್ಲ ಬರುತ್ತದೆ ಎಂದರು. ತೆಲುಗಿನಲ್ಲೂ ಕನ್ನಡದಲ್ಲೂ ಒಂದು ಬೋರ್ಡ್ ಬೇಕಾಗಿತ್ತು. "ಮೀರೇ ರಾಯಾಲಿ ಮೇಡಂ, ನೀವೇ ಬರೀಬೇಕ್ರಿ," ಎಂದರು. ನನಗೆ ಹಿಗ್ಗಾಯಿತು. ಸುಳ್ಳೇಕೆ ಹೇಳಲಿ, ಬಹಳ ಹಿಗ್ಗಾಯಿತು.

ಊರಿನಲ್ಲಿ ಯಾರನ್ನು ಕೇಳಿದರೂ ಭೀಮಮ್ಮನ ಮನೆ ತೋರಿಸಿದರು. ಎಪ್ಪತ್ತೈದು ದಾಟಿದ ಹೆಂಗಸು, ಇನ್ನೂ ತಾನೇ ಪುಟ್ಟಿ ಹಾಕಿಕೊಂಡು ಮೀನಿನ ಬಲೆ ಬಿಚ್ಚಲು ಹೋಗುತ್ತಿದ್ದಳು. ಆಕೆಯ ಅಪ್ಪ ಹುಸೇನಪ್ಪ ಆಗಬೋಟಿನ ಬೆಂಕಿಗೂಡಿಗೆ ಕಟ್ಟಿಗೆ ಹಾಕುವ ಕೆಲಸದವನು. ಮೊಹರಂನ ಪೀರಲ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಅಂಬಿಗರ ಹುಡುಗನಿಗೆ ಆ ಹೆಸರಿಟ್ಟಿದ್ದರು. ನಮ್ಮ ಕಡೆ ಅಂಥ ಹುಸೇನಪ್ಪಗಳು ಊರಿಗೆ ನಾಲ್ಕು ಮಂದಿ ಇದ್ದಾರೆ.

ಭೀಮಮ್ಮ ಬಲೆ ಹೊಲಿಯುತ್ತಲೇ ಹೇಳಿದಳು.

"ಹೊಳಿ ತುಂಬಿ ಬಂದಿತ್ರಿ ಟೀಚರಮ್ಮ. ಬೋಟಿನ ತುಂಬ ಮಂದಿ. ನಾನೂ ಅದ್ರಾಗ ಇದ್ದೆ, ಹತ್ತು ವರ್ಷದಾಕಿ. ನಮ್ಮಪ್ಪಗ ಬುತ್ತಿ ತಗೊಂಡು ಹೋಗಿದ್ದೆ. ನಡು ಹೊಳ್ಯಾಗ ಒಂದು ಹುಣಸಿ ಗಿಡ ತೇಲಿ ಬಂತು, ಬೇರು ಸಮೇತ. ಅದ್ರ ಟೊಂಗಿ ಚಕ್ರದಾಗ ಸಿಕ್ಕಂತು. ಒಂದು ಚಕ್ರ ನಿಂತ್ರ ಬೋಟು ಸುತ್ತಾಕ ಹತ್ತತೈತಿ. ಕೆಳಗ ಬಂಡೆಗಲ್ಲು. ಡ್ರೈವರು 'ಯಾರಾರ ಇಳೀರಿ, ಯಾರಾರ ಇಳೀರಿ' ಅಂತ ಒದರಾಕ ಹತ್ತಿದ. ನಮ್ಮಪ್ಪ ಕೊಡ್ಲಿ ತಗೊಂಡು ಚಕ್ರದಾಗ ಇಳದ."

"ಉಗಿ ನಿಲ್ಲಿಸಲಿಲ್ಲವೇ?" ಎಂದೆ.

"ಹ್ಯಾಂಗ ನಿಲ್ಲಸ್ತಾರ್ರಿ? ಆ ಇನ್ನೊಂದು ಚಕ್ರನೂ ನಿಂತ್ರ ಬೋಟು ಬಂಡೆಗಲ್ಲಿಗೆ ಬಡೀತಿತ್ತು. ನಮ್ಮಪ್ಪಗ ಅದು ಗೊತ್ತಿತ್ತು. ಗೊತ್ತಿದ್ದೇ ಇಳದ. ಟೊಂಗಿ ಕಡದ. ಕಡದ ಕೂಡ್ಲೇ ಚಕ್ರ ತಿರಗ್ತು."

ಅವಳು ಬಲೆಯ ದಾರವನ್ನು ಹಲ್ಲಿನಿಂದ ಕಡಿದಳು. "ಎಲ್ಲಾರೂ ದಂಡಿಗಿ ಬಂದಿವಿ. ನನ್ನ ಕೈಯಾಗ ಬುತ್ತಿಗಂಟು ಹಂಗೇ ಇತ್ತು."

ಅಂದಿನಿಂದ ಪ್ರತಿ ಬೇಸಿಗೆ ಬೋಟು ಕಾಣಿಸಿದ ಮೊದಲ ಗುರುವಾರ ಅಂಬಿಗರು ಆ ಚಕ್ರದ ಮುಂದೆ ಮುಲ್ಲಾನಿಂದ ಸಕ್ಕರೆಯ ಮೇಲೆ ಫಾತೆಹಾ ಓದಿಸಿ ಹಂಚುತ್ತಾರೆ. ಅದು ಗದ್ವಾಲ್ ಕಡೆ ಮುಖ ಮಾಡಿದ ಚಕ್ರ. ಊರಿಗೆ ಅದು ಹಳೆ ಕಬ್ಬಿಣವಾಗಿರಲಿಲ್ಲ.

ನಾನು ಎರಡು ದಿನ ಕೂತು ಹನ್ನೆರಡು ಸಾಲು ಬರೆದೆ. ರೇವಿನ ವ್ಯಾಪಾರ, ಬೋಟು ನಡೆಸಿದ ಅಂಬಿಗರು, ಹುಸೇನಪ್ಪ ಪ್ರಾಣ ಕೊಟ್ಟು ಜನರನ್ನು ಉಳಿಸಿದ್ದು. ಬರೆದದ್ದನ್ನು ಭೀಮಮ್ಮನಿಗೆ ಓದಿ ಹೇಳಿದೆ. ಅವಳು ಮತ್ತೊಮ್ಮೆ ಓದಿಸಿದಳು. "ಅಪ್ಪನ ಹೆಸರು ಕಲ್ಲಿನ ಮ್ಯಾಲ ಬರತೈತೇನ್ರಿ?" ಎಂದು ಕೇಳಿದಳು. "ಬರುತ್ತದೆ ಭೀಮಮ್ಮ," ಎಂದೆ. ಎಷ್ಟು ಸಲೀಸಾಗಿ ಹೇಳಿಬಿಟ್ಟೆ!

ಮಾರ್ಚಿನಲ್ಲಿ ಆ ಅಧಿಕಾರಿ ನನ್ನನ್ನು ನಾರಾಯಣಪೇಟೆಯ ದಫ್ತರಕ್ಕೆ ಕರೆಸಿದರು. ಟೈಪು ಮಾಡಿದ ಹಾಳೆ ಮುಂದಿಟ್ಟರು. ಓದಿ ದಂಗಾದೆ. "ಇದು ಪ್ರಾಚೀನ ರಾಜವಿಹಾರ ನೌಕೆ. ಬೆಳದಿಂಗಳಲ್ಲಿ ರಾಣಿವಾಸದವರು ಇದರಲ್ಲಿ ಜಲವಿಹಾರ ಮಾಡುತ್ತಿದ್ದರು" ಎಂದಿತ್ತು. ಎತ್ತು, ಶೇಂಗಾ ಚೀಲ ದಾಟಿಸಿದ ಬೋಟಿನಲ್ಲಿ ರಾಣಿವಾಸ! ಅಂಬಿಗರ ಮಾತಿಲ್ಲ, ಹುಸೇನಪ್ಪ ಇಲ್ಲ. ಕೆಳಗೆ "ಊರಿನ ಹಿರಿಯರನ್ನು ವಿಚಾರಿಸಿ ಖಚಿತಪಡಿಸಲಾಗಿದೆ" ಎಂಬ ಸಾಲು, ಅದರ ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ಸರ್, ನಾನು ಬರೆದದ್ದು ಇದಲ್ಲ," ಎಂದೆ.

"ಗೊತ್ತೈತ್ರಿ ಮೇಡಂ. ನೀವು ಚಲೋ ಬರ್ದೀರಿ. ಆದ್ರ ರಾಜರ ಹೆಸರಿದ್ರ ಮಂಜೂರಿ ಬೇಗ ಆಗತೈತಿ. ಸತ್ತ ಸುದ್ದಿ ಬೋರ್ಡಿನ ಮ್ಯಾಲ ಯಾಕ? ಜನ ಫೋಟೋ ತೆಗಸ್ಕೊಳ್ಳಾಕ ಬರ್ತಾರ, ಅಳಾಕ ಬರಂಗಿಲ್ಲ."

"ಆದರೆ ಇದು ಸುಳ್ಳು."

ಅವರು ನಕ್ಕರು. ಪೆನ್ನು ನನ್ನ ಕಡೆ ತಳ್ಳುತ್ತ, ಬೇರೆ ಏನೋ ನೆನಪಾದವರಂತೆ, "ನಿಮ್ಮ ವರ್ಗಾವಣೆ ಅರ್ಜಿ ಬಾಕಿ ಐತಂತಲ್ಲ? ನಾನೊಂದು ಮಾತು ಹೇಳ್ತೀನಿ ಬಿಡ್ರಿ, ಜೂನಿನಾಗ ನಿಮ್ಮೂರಾಗೇ ಇರ್ತೀರಿ," ಎಂದರು.

ಆ ದಿನ ಬೆಳಿಗ್ಗೆ ಮನೆ ಬಿಡುವಾಗ ಮಗಳು ನನ್ನ ಸೆರಗು ಬಿಡದೆ ಅತ್ತಿದ್ದಳು. ಅದೇ ಕಾರಣ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅತ್ತದ್ದು ನಿಜ. ಸಹಿ ಮಾಡಿದವಳು ಮಾತ್ರ ನಾನು. ಒಂದು ಬೋರ್ಡಿನಿಂದ ಏನಾಗುತ್ತದೆ, ಯಾರು ಓದುತ್ತಾರೆ ಎಂದುಕೊಂಡೆ. ಮಕ್ಕಳಿಗೆ ಓದು ಕಲಿಸಿ ಸಂಬಳ ತಿನ್ನುವವಳು ಹಾಗೆ ಅಂದುಕೊಂಡೆ. ಭೀಮಮ್ಮನಿಗೆ ಹೇಳಲಿಲ್ಲ. ಆಮೇಲಿನ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ಅವಳ ಮನೆಯ ಮುಂದಿನ ದಾರಿ ಬಿಟ್ಟು ಹಿಂದಿನ ಓಣಿಯಿಂದ ಹೋಗುತ್ತಿದ್ದೆ.

ಏಪ್ರಿಲ್‌ನಲ್ಲಿ ಕಂಟ್ರಾಕ್ಟರ್ ಬಂದ. ಗೂಟದ ಕಂಬಗಳ ಪಕ್ಕದಲ್ಲೇ, ಹಿನ್ನೀರು ಏರುವ ಜಾಗದಲ್ಲಿ, ಕಟ್ಟೆಗೆ ಗುರುತು ಹಾಕಿಸಿದ. ಅಂಬಿಗರು, "ಶ್ರಾವಣದಾಗ ಇಲ್ಲಿ ಆಳುದ್ದ ನೀರು ನಿಲ್ಲತೈತ್ರಿ, ಮ್ಯಾಲೆ ಕಟ್ರಿ," ಎಂದರು. ನಕ್ಷೆ ಆಗಿಹೋಗಿದೆ ಎಂದ. ಪುಟ್ಟಿಗಳನ್ನು ದಂಡೆಯಿಂದ ತೆಗೆಯಿರಿ, ಫೋಟೋದಲ್ಲಿ ಗಲೀಜು ಕಾಣುತ್ತದೆ ಎಂದ. ರೇವಿನ ಪರಂಪರೆ ತೋರಿಸಲು ಬಂದವನಿಗೆ ರೇವಿನಲ್ಲಿ ಇನ್ನೂ ದೋಣಿ ಹಾಕುವ ಜನವೇ ಗಲೀಜು! ಅವರು ಗೊಣಗುತ್ತಲೇ ಪುಟ್ಟಿಗಳನ್ನು ಹೊತ್ತು ಬೇಲಿಯ ಹಿಂದಿಟ್ಟರು.

ಮರುದಿನ ಗ್ಯಾಸ್ ಸಿಲಿಂಡರು ಬಂದವು. ನೀರಿನ ಕಡೆಯ ಚಕ್ರವನ್ನು, ಹುಸೇನಪ್ಪ ಇಳಿದ ಅದೇ ಚಕ್ರವನ್ನು, ಬುಡದಲ್ಲಿ ಕೊಯ್ದು ಲಾರಿಗೆ ಹಾಕಿದರು. ಯಾಕೆ ಎಂದು ಕೇಳಿದವರಿಗೆ, "ತುಕ್ಕು ತೆಗೆಸಿ ತರ್ತೀವಿ," ಎಂಬ ಉತ್ತರ. ಅಂಬಿಗರ ಗಂಡಸರೆಲ್ಲ ಬೆಳಗಿನ ಬಲೆಗೆ ಹೋಗಿದ್ದ ಹೊತ್ತು ನೋಡಿ ಲಾರಿ ಹೊರಟಿತ್ತು. ಅದು ಮತ್ತೆ ಬರಲಿಲ್ಲ. ಎರಡು ವರ್ಷದ ಮೇಲೆ ನಾನೇ ಅದನ್ನು ಹೈದರಾಬಾದಿನ ದಾರಿಯ ಒಂದು ಹೋಟೆಲಿನ ಗೇಟಿನಲ್ಲಿ ಕಂಡೆ. ಬಂಗಾರದ ಬಣ್ಣ ಬಳಿದಿದ್ದರು. ಹಲಗೆಗಳಿಗೆ ಬಣ್ಣದ ದೀಪದ ಸರ ಸುತ್ತಿದ್ದರು. ಮಾಲೀಕನನ್ನು ಕೇಳಿದರೆ, ಗುಜರಿಯಲ್ಲಿ ಕೊಂಡದ್ದು, ರಸೀದಿ ಇದೆ, ನಿಮಗೇನಾಗಬೇಕು ಎಂದ. ನನಗೇನಾಗಬೇಕು! ಅಲ್ಲೇ ನಿಂತು ಕೂಗಾಡಿಬಿಟ್ಟೆ. ಊಟಕ್ಕೆ ಬಂದವರು ನನಗೆ ತಲೆ ಸರಿಯಿಲ್ಲ ಎಂದುಕೊಂಡಿರಬೇಕು. ಗಂಡ ಕೈಹಿಡಿದು ಕಾರಿಗೆ ಕರೆತಂದರು.

ಎರಡನೆಯ ಚಕ್ರಕ್ಕೆ ಸಿಲಿಂಡರು ತಂದ ದಿನ ನಾನು ಮಕ್ಕಳ ಅಂಕಪಟ್ಟಿ ಬರೆಯುತ್ತಿದ್ದೆ. ಕಂಟ್ರಾಕ್ಟರನ ಆಳು ಓಡಿ ಬಂದ. "ಮೇಡಂ, ಸ್ವಲ್ಪ ಬರ್ರಿ. ಮುದುಕಿ ಚಕ್ರದಾಗ ಕುಂತಾಳ, ಏಳವಲ್ಲಳು."

ಹೋಗಿ ನೋಡಿದರೆ, ಭೀಮಮ್ಮ ಎರಡು ಹಲಗೆಗಳ ನಡುವೆ ಕಾಲು ಮಡಿಸಿ ಕೂತಿದ್ದಾಳೆ. ಮಡಿಲಲ್ಲಿ ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿಪುಡಿ. ಬಿಸಿಲಿಗೆ ಕಬ್ಬಿಣ ಕಾದ ಹೆಂಚಾಗಿತ್ತು. ಕೆಳಗೆ ಒದ್ದೆ ಗೋಣಿಚೀಲ ಹಾಕಿಕೊಂಡಿದ್ದಳು. ಸುತ್ತ ಅಂಬಿಗರ ಹೆಂಗಸರು. ಕಂಟ್ರಾಕ್ಟರ್, "ಲೇಯಮ್ಮಾ, ಲೇಯಿ," ಎಂದು ಕೈ ಬೀಸುತ್ತಿದ್ದ. ಏಳು ಎಂಬುದು ಅವಳಿಗೆ ಎರಡು ಭಾಷೆಯಲ್ಲೂ ತಿಳಿಯುತ್ತಿತ್ತು.

"ಕೊಯ್ರಿ," ಎಂದಳು ಅವಳು, ರೊಟ್ಟಿ ಮುರಿಯುತ್ತ. "ನಮ್ಮಪ್ಪ ಒಂದ್ರಾಗ ಹೋದ, ನಾನೊಂದ್ರಾಗ ಹೋಗ್ತೀನಿ. ಲೆಕ್ಕ ಸರಿ ಆಗತೈತಿ."

ಕಂಟ್ರಾಕ್ಟರ್ ನನ್ನ ಕಡೆ ತಿರುಗಿದ. "ನೀವಾದ್ರೂ ಹೇಳ್ರಿ ಮೇಡಂ. ಎಲ್ಲಾ ಊರಾವ್ರನ್ನ ಕೇಳೇ ಮಾಡಿದ್ದು ಅಂತ ನೀವ ಸಹಿ ಮಾಡೀರಲ್ಲ. ಬೋರ್ಡೂ ತಯಾರಾಗೇತಿ, ನೋಡ್ರಿ."

ಬೋರ್ಡನ್ನು ಅಲ್ಲೇ ಲಾರಿಗೆ ಆನಿಸಿ ನಿಲ್ಲಿಸಿದ್ದರು. ಕಪ್ಪು ಕಲ್ಲಿನ ಮೇಲೆ ಬಿಳಿ ಅಕ್ಷರ, ಮೇಲೆ ತೆಲುಗು, ಕೆಳಗೆ ಕನ್ನಡ. ಭೀಮಮ್ಮ ರೊಟ್ಟಿ ಮಡಿಲಲ್ಲೇ ಇಟ್ಟು ನನ್ನನ್ನು ನೋಡಿದಳು. ಅವಳ ಮುಖ ಅರಳಿತು. ಅದನ್ನು ನೆನೆದರೆ ಇವತ್ತಿಗೂ ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಎನಿಸುತ್ತದೆ.

"ಬಂತೇನ್ರಿ ಕಲ್ಲು? ಓದ್ರಿ ಟೀಚರಮ್ಮ. ಎಲ್ಲಾರಿಗೂ ಕೇಳೂಹಂಗ ಓದ್ರಿ."

ಓದಿದೆ. ರಾಜವಿಹಾರ, ರಾಣಿವಾಸ, ಬೆಳದಿಂಗಳು, ಊರಿನ ಹಿರಿಯರನ್ನು ವಿಚಾರಿಸಿ ಎಂಬಲ್ಲಿಯವರೆಗೆ ಓದಿದೆ. ಹೆಂಗಸರಲ್ಲಿ ಒಬ್ಬಳು ನಕ್ಕುಬಿಟ್ಟಳು, ಆಮೇಲೆ ಬಾಯಿಗೆ ಸೆರಗು ಹಿಡಿದಳು. ಭೀಮಮ್ಮ ಕಾಯುತ್ತಿದ್ದಳು, ಇನ್ನೂ ಇದೆ ಎಂದುಕೊಂಡು.

"ಮುಗೀತೇನು?"

"ಮುಗಿಯಿತು."

"ನಮ್ಮಪ್ಪ ಎಲ್ಲಿ?"

ಅವಳು ನನ್ನನ್ನು ಬಯ್ಯಲಿಲ್ಲ. ಮುಖ ಹೊಳೆಯ ಕಡೆ ತಿರುಗಿಸಿ, ಮಡಿಲಿನ ರೊಟ್ಟಿ ತೆಗೆದುಕೊಂಡು ತಿನ್ನತೊಡಗಿದಳು. ಸಂಜೆಯವರೆಗೆ ಏಳಲಿಲ್ಲ. ಮರುದಿನವೂ ಬಂದು ಕೂತಳು, ಅದರ ಮರುದಿನವೂ. ಅವಳು ಊಟಕ್ಕೆದ್ದರೆ ಇನ್ನೊಬ್ಬಳು ಕೂರುತ್ತಿದ್ದಳು. ನಾಲ್ಕನೆಯ ದಿನ ಸಿಲಿಂಡರು ವಾಪಸ್ಸು ಹೋದವು. ಆ ಚಕ್ರ ಉಳಿಯಿತು. ಉಳಿಸಿದ್ದು ಯಾವ ಪರಂಪರೆಯ ದಫ್ತರವೂ ಅಲ್ಲ, ಗೋಣಿಚೀಲ ಹಾಕಿಕೊಂಡು ಕೂತ ಏಳೆಂಟು ಮಂದಿ ಹೆಂಗಸರು.

ನಾನು ನಾರಾಯಣಪೇಟೆಗೆ ಹೋಗಿ, ನನ್ನ ಸಹಿ ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದುಕೊಟ್ಟೆ. ಚಕ್ರ ಎಲ್ಲಿ ಎಂದು ಕೇಳಿದೆ. ಅಧಿಕಾರಿಗಳ ನಗು ಆಗಲೂ ಹಾಗೇ ಇತ್ತು. "ಫೈಲ್ ಮ್ಯಾಲೆ ಹೋಗೇತ್ರಿ. ಸಹಿ ಅಂದ್ರ ಸೀರಿಯೇನು, ಬ್ಯಾಡಂದ್ರ ವಾಪಸ್ ಕೊಡಾಕ?" ಎಂದರು. ನಾನು ಬರೆದುಕೊಟ್ಟದ್ದಕ್ಕೆ ಜವಾಬು ಬರಲೇ ಇಲ್ಲ. ಮತ್ತೆ ಬರೆದೆ. ಮತ್ತೆ ಇಲ್ಲ.

ಜೂನ್ ಕೊನೆಗೆ ಉದ್ಘಾಟನೆ. ಶಾಮಿಯಾನ, ದೊಡ್ಡವರ ಕಾರು, ಬಣ್ಣ ಬಳಿದ ಬೋಟು. ಇಲ್ಲದ ಚಕ್ರದ ಜಾಗಕ್ಕೆ ಹೂವಿನ ಪರದೆ ಇಳಿಬಿಟ್ಟಿದ್ದರು. ಕನ್ನಡದ ಸಾಲು ಓದಿ ಹೇಳಲು ನನ್ನನ್ನೇ ಕರೆದರು. ಬೇರೆ ಯಾರೂ ಇರಲಿಲ್ಲ ಅಷ್ಟೇ. ಮೈಕಿನ ಮುಂದೆ ನಿಂತು ನನ್ನ ಚೀಲದಿಂದ ನೋಟ್‌ಬುಕ್ ತೆಗೆದೆ. ಫೆಬ್ರುವರಿಯಲ್ಲಿ ಬರೆದ ಹನ್ನೆರಡು ಸಾಲು ಅದರಲ್ಲಿದ್ದವು.

"ಈ ಬೋಟನ್ನು ನಡೆಸಿದವರು ಈ ರೇವಿನ ಅಂಬಿಗರು" ಎಂದು ಶುರು ಮಾಡಿದೆ. ವೇದಿಕೆಯವರಿಗೆ ಕನ್ನಡ ಅಷ್ಟಾಗಿ ತಿಳಿಯದೆ ತಲೆಯಾಡಿಸುತ್ತಿದ್ದರು. ಹುಸೇನಪ್ಪನ ಹೆಸರು ಬಂದಾಗ ಶಾಮಿಯಾನದ ಹಿಂದೆ ನಿಂತಿದ್ದ ಅಂಬಿಗರು ಒಬ್ಬೊಬ್ಬರಾಗಿ ಮುಂದೆ ಬಂದರು. ಅಧಿಕಾರಿಗಳು ಏನೋ ಸನ್ನೆ ಮಾಡಿದರು, ಮೈಕು ಸತ್ತಿತು. ನಲವತ್ತು ಮಕ್ಕಳಿಗೆ ಮೈಕಿಲ್ಲದೆ ಪಾಠ ಹೇಳುವವಳು ನಾನು. ಗಂಟಲು ತೆರೆದು ಓದಿದೆ. ಹೊಳೆಯ ಆಚೆ ದಂಡೆಗೂ ಕೇಳಿರಬೇಕು. ಕೊನೆಗೆ ಹೊಸದೊಂದು ಸಾಲು ಸೇರಿಸಿ ಓದಿದೆ: "ಅವನು ಇಳಿದ ಚಕ್ರವನ್ನು ಏಪ್ರಿಲ್ ತಿಂಗಳಲ್ಲಿ ಕದ್ದು ಒಯ್ದಿದ್ದಾರೆ." ಅಷ್ಟೊತ್ತಿಗೆ ಯಾರೋ ನನ್ನ ತೋಳು ಹಿಡಿದು ಕೆಳಗಿಳಿಸಿದರು. ಅಂಬಿಗರು ಹೋಗಿ ಹೂವಿನ ಪರದೆ ಕಿತ್ತರು. ಬುಡ ಕೊಯ್ದ ಕಬ್ಬಿಣ ಎಲ್ಲರಿಗೂ ಕಂಡಿತು. ದೊಡ್ಡವರು ರಿಬ್ಬನ್ ಕತ್ತರಿಸಿ, ಚಹಾ ಕುಡಿಯದೆ ಕಾರು ಹತ್ತಿದರು.

ವಾರದೊಳಗೆ ನನಗೆ ಮೆಮೊ. ತಿಂಗಳೊಳಗೆ ವರ್ಗಾವಣೆ, ಗುಂಡುಮಾಲ್ ಆಚೆಯ ಒಂದು ಶಾಲೆಗೆ. ಆ ಶಾಲೆಯಲ್ಲಿ ಕನ್ನಡ ಮಾಧ್ಯಮವೇ ಇಲ್ಲ; ಕನ್ನಡ ಟೀಚರನ್ನು ಹಾಜರಿ ಪುಸ್ತಕ ತುಂಬಲು ಕಳಿಸಿದ್ದರು. ಬಸ್ಸಿನ ದಾರಿ ಮೊದಲಿಗಿಂತ ಉದ್ದವಾಯಿತು. ಚಕ್ರದ ಬಗ್ಗೆ ಯಾರ ವಿಚಾರಣೆಯೂ ಆಗಲಿಲ್ಲ. ಅಂಬಿಗರು ಹೇಳಿದಂತೆಯೇ ಶ್ರಾವಣದಲ್ಲಿ ಹಿನ್ನೀರು ಏರಿ, ಹೊಸ ಕಟ್ಟೆ, ಬೆಂಚು, ದೀಪದ ಕಂಬ ಎಲ್ಲ ಮುಳುಗಿದವು. ಕಲ್ಲಿನ ಬೋರ್ಡು ಮಾತ್ರ ಗಟ್ಟಿಯಾಗಿ ಮಾಡಿಸಿದ್ದರು. ಪ್ರತಿ ಬೇಸಿಗೆ ನೀರಿನಿಂದ ಎದ್ದು ಬರುತ್ತದಂತೆ, ನನ್ನ ಹೆಸರಿನ ಸಮೇತ. ಈಗ ಫೋನಿನಲ್ಲಿ ಹುಡುಕಿದರೂ ಅದೇ ಸಿಗುತ್ತದೆ: ರಾಜವಿಹಾರ ನೌಕೆ. ಮೊನ್ನೆ ನಾನು ಈಗಿರುವ ಶಾಲೆಯ ಒಬ್ಬಳು ಹುಡುಗಿ ಜಿಲ್ಲೆಯ ಪರಂಪರೆ ಎಂಬ ಪ್ರಬಂಧದಲ್ಲಿ ರಾಣಿವಾಸದ ಜಲವಿಹಾರದ ಬಗ್ಗೆ ಒಂದು ಪುಟ ಬರೆದಿದ್ದಳು. ಕೆಂಪು ಪೆನ್ನು ಹಿಡಿದು ಕೂತೆ. ಅವಳದೇನು ತಪ್ಪು? ಅವಳು ಓದಿದ್ದನ್ನು ಬರೆದಿದ್ದಾಳೆ. ಓದಿಸಿದವಳು ನಾನು.

ಆ ವರ್ಷ ಊರು ಬಿಡುವ ದಿನ ಭೀಮಮ್ಮನ ಮನೆಗೆ ಹೋದೆ, ಮುಂದಿನ ದಾರಿಯಿಂದಲೇ. ಕಲ್ಲಿನ ಬೋರ್ಡು ಓದಿದ ದಿನದಿಂದ ಅವಳು ನನ್ನೊಡನೆ ಮಾತಾಡಿರಲಿಲ್ಲ. ಪುಟ್ಟಿಯನ್ನು ಬೋರಲು ಹಾಕಿ ಅದರ ತಳಕ್ಕೆ ತೇಪೆ ಹಚ್ಚುತ್ತಿದ್ದಳು. ಮಳೆ ಆಗಷ್ಟೇ ನಿಂತಿತ್ತು. ಹೊಳೆ ಕೆಂಪಗೆ ತುಂಬಿತ್ತು, ಬೋಟು ಕಾಣುತ್ತಿರಲಿಲ್ಲ.

"ಹೋಗ್ತೀನಿ ಭೀಮಮ್ಮ. ವರ್ಗ ಆಯಿತು," ಎಂದೆ.

"ಕೇಳೀನ್ರಿ. ದೂರ ಹಾಕ್ಯಾರಂತ." ಕೈ ನಿಲ್ಲಿಸಲಿಲ್ಲ. "ಕೂಸಿನ್ನ ಯಾರು ನೋಡ್ತಾರ?"

"ಅವರಪ್ಪ ನೋಡುತ್ತಾರೆ." ನಾನು ನೆಲದ ಮೇಲೆ ಕೂತೆ. "ನನ್ನಿಂದ ತಪ್ಪಾಯಿತು. ಆ ದಿನ ಸಹಿ ಮಾಡಬಾರದಿತ್ತು."

ಅವಳು ತೇಪೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂಡಿಸಿದಳು. ಇರಲಿ ಬಿಡ್ರಿ ಎನ್ನುತ್ತಾಳೆ ಎಂದು ಕಾದೆ. ನಮ್ಮ ಕಡೆ ಯಾರಾದರೂ ತಪ್ಪಾಯಿತು ಎಂದರೆ ಹಾಗೇ ಎನ್ನುತ್ತಾರೆ. ಅವಳು ಎನ್ನಲಿಲ್ಲ.

"ಮೈಕಿನ್ಯಾಗ ಓದಿದ್ರಿ. ನಮ್ಮಪ್ಪನ ಹೆಸರು ಅಷ್ಟು ಮಂದಿ ಮುಂದ ಯಾರೂ ಹೇಳಿದ್ದಿಲ್ಲ. ಅದು ಚಲೋ ಆತ್ರಿ," ಎಂದಳು. ಆಮೇಲೆ ತಲೆಯೆತ್ತಿ ನನ್ನನ್ನು ನೇರ ನೋಡಿದಳು. "ಆದ್ರ ಟೀಚರಮ್ಮ, ಓದೂದು ಮೊದ್ಲೇ ಓದಬೇಕಿತ್ತು. ಎರಡೂ ಚಕ್ರ ಇದ್ದಾಗ."